ಕೈತೋಟ ಕೇಳಿ-ಹೇಳಿ: ಮಡಿ ಖಾಲಿ ಇರುವಾಗ್ಲೇ ವರ್ಷದ ಪ್ಲಾನ್

ಪ್ರಶ್ನೆ: ನಮ್ಮ ಮನೆ ಹಿಂದೆ, ಉತ್ತರ ದಿಕ್ಕಿಗೆ, 15 ಅಡಿ ಅಗಲ 30 ಅಡಿ ಉದ್ದದ ಜಾಗ ಇದೆ. ಏಪ್ರಿಲ್ ಬಂತು ಅಂದ್ರೆ ಬೋರ್ ನೀರು ಇಳಿದುಹೋಗುತ್ತೆ, ಮಡಿಗಳೆಲ್ಲ ಒಣಗಿ ಬಿದ್ದಿರುತ್ತೆ. ಮಳೆ ಬಂದ್ಮೇಲೆ ಹಾಕಿದ್ರೆ ಎಲ್ಲಾ ಒಂದೇ ಸಲ ಬಿಡುತ್ತೆ, ಬೆಂಡೆಕಾಯಿ ಅಕ್ಕಪಕ್ಕದವ್ರಿಗೆ ಹಂಚಿ ಸಾಕಾಗುತ್ತೆ, ಡಿಸೆಂಬರ್‌ಗೆ ನೋಡಿದ್ರೆ ಏನೂ ಇರಲ್ಲ. ಹೋದ್ಸಲ ಟೊಮ್ಯಾಟೊ ಗಿಡ ಕಿತ್ತಾಗ ಬೇರಲ್ಲಿ ಗಂಟು ಗಂಟು ಇತ್ತು. ಬೇಸಿಗೇಲಿ ಸುಮ್ನೆ ಕೂರೋ ಬದ್ಲು ಏನ್ ಮಾಡ್ಬಹುದು?
— ತಿಪಟೂರಿನ ಓದುಗರು

ಉತ್ತರ: ಜಾಗ ಉತ್ತರಕ್ಕಿದೆ ಅಂತ ಬರೆದಿದ್ದು ತುಂಬಾ ಒಳ್ಳೇದಾಯ್ತು, ನಿಮ್ಮ ಡಿಸೆಂಬರ್ ತೊಂದ್ರೆಗೆ ಅರ್ಧ ಉತ್ತರ ಅಲ್ಲೇ ಇದೆ. ಈಗ ಏಪ್ರಿಲ್‌ನಲ್ಲಿ ಹಿತ್ತಲಿಗೆ ಹೋಗಿ ನಿಂತ್ರೆ ಇಡೀ ಜಾಗಕ್ಕೆ ಬಿಸಿಲು ಹೊಡೀತಿರುತ್ತೆ, ಆಹಾ ಎಲ್ಲಿ ಬೇಕಾದ್ರೂ ಟೊಮ್ಯಾಟೊ ಹಾಕ್ಬಹುದು ಅನ್ಸುತ್ತೆ. ಆದ್ರೆ ನಮ್ಮ ಕಡೆ ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರ್ತಾನೆ, ಆಮೇಲೆ ದಕ್ಷಿಣಕ್ಕೆ ಜರುಗ್ತಾ ಹೋಗ್ತಾನೆ, ಡಿಸೆಂಬರ್ ಹೊತ್ತಿಗೆ ನಿಮ್ಮ ಮನೆ ನೆರಳು ಪೂರ್ತಿ ಹಿತ್ತಲಿಗೇ ಬೀಳುತ್ತೆ. ಲೆಕ್ಕ ಹಾಕಿದ್ರೆ ಪ್ಯಾರಪೆಟ್ ಸೇರಿ 13 ಅಡಿ ಎತ್ತರದ ಗೋಡೆ ಡಿಸೆಂಬರ್ ಮಧ್ಯಾಹ್ನ ಹತ್ತಿರ ಹತ್ತಿರ 10 ಅಡಿ ಉದ್ದದ ನೆರಳು ಕೊಡುತ್ತೆ. ನಿಮ್ಮದು 15 ಅಡಿ ಅಗಲ. ಅಂದ್ರೆ ಚಳಿಗಾಲದಲ್ಲಿ ಮಧ್ಯಾಹ್ನದ ಬಿಸಿಲು ಬೀಳೋದು ಕಾಂಪೌಂಡ್ ಕಡೆಯ ಬರೀ 5 ಅಡಿ ಪಟ್ಟಿಗೆ!

ಅದಕ್ಕೇ ಇವತ್ತೇ ಒಂದು ಹಾಳೇಲಿ ಜಾಗದ ಚಿತ್ರ ಬರ್ಕೊಂಡು ಗೋಡೆಯಿಂದ 10 ಅಡಿಗೆ ಒಂದು ಗೆರೆ ಎಳೀರಿ. ಗೆರೆ ಆಚೆ ಅಕ್ಟೋಬರ್ ನಂತರದ ಟೊಮ್ಯಾಟೊ, ಬದನೆ, ಹುರುಳಿಕಾಯಿ. ಗೆರೆ ಒಳಗೆ ಚಳಿಗಾಲಕ್ಕೆ ಸೊಪ್ಪುಗಳು, ಕೊತ್ತಂಬರಿ, ಪುದೀನ, ಗೋಡೆ ಬುಡದಲ್ಲಿ ಒಂದೆಲಗ. ಮುಂಗಾರಿನಲ್ಲಿ ಈ ಗೆರೆ ಚಿಂತೆ ಇಲ್ಲ, ಹೋದ್ಸಲ ಟೊಮ್ಯಾಟೊ ಇದ್ದ ಮಡಿ ಒಂದು ಬಿಟ್ಟು ಬೆಂಡೆ ಎಲ್ಲಿ ಬೇಕಾದ್ರೂ ಹಾಕಿ.

ಎಲ್ಲಾ ಒಟ್ಟಿಗೆ ಬರೋದಕ್ಕೆ ಕಾರಣ ಎಲ್ಲಾ ಒಟ್ಟಿಗೆ ಬಿತ್ತೋದು, ಅಷ್ಟೇ. ಬೆಂಡೆ ಬಿತ್ತಿ 45-50 ದಿನಕ್ಕೆ ಕೊಯ್ಲಿಗೆ ಬರುತ್ತೆ, ಹುರುಳಿಕಾಯಿನೂ ಹೆಚ್ಚುಕಡಿಮೆ ಹಾಗೇ, ಮೆಂತ್ಯ ಸೊಪ್ಪು 25-30 ದಿನ ಸಾಕು. ಒಂದು ವಾರ ಸಂತೆಯಿಂದ ಏನೇನು ಎಷ್ಟೆಷ್ಟು ತರ್ತೀರಿ ಅಂತ ಬರೆದಿಡಿ, ಮನೇಲಿ ತಿನ್ನೋದನ್ನ ನೋಡಿ ಬಿತ್ತಬೇಕೇ ಹೊರತು ಪ್ಯಾಕೆಟ್‌ನಲ್ಲಿ ಬೀಜ ಎಷ್ಟಿದೆ ಅಂತ ಅಲ್ಲ. ಸೊಪ್ಪಿನ ಮಡಿ ಚಿಕ್ಕದು ಮಾಡಿ, ಹದಿನೈದು ದಿನಕ್ಕೊಂದು ಮಡಿ ಬಿತ್ತಿ. ಬೆಂಡೆ ಜೂನ್‌ನಲ್ಲಿ ಒಂದು ಸಾಲು, ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು ಸಾಲು. ತಳಿ ಕೇಳಿದ್ರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಹಾಕಿ ಅಂತೀನಿ, ಎಲೆ ಹಳದಿ ನರ ರೋಗ ತಡ್ಕೊಳ್ಳೋ ತಳಿ ಅಂತಾನೇ ಅದನ್ನ ಬಿಡುಗಡೆ ಮಾಡಿದ್ದು. ಮೆಣಸಿನಕಾಯಿ ಸಸಿ ನಾಟಿಗೆ ಬರೋಕೆ 40 ದಿನ ಹತ್ರ ಬೇಕು, ಟೊಮ್ಯಾಟೊಗೆ 25 ದಿನ. ಜೂನ್ ಮಧ್ಯಕ್ಕೆ ನಾಟಿ ಅಂದ್ರೆ ಮೆಣಸಿನಕಾಯಿ ಬೀಜ ಮೇ ಮೊದಲ ವಾರವೇ ಟ್ರೇಗೆ ಬೀಳ್ಬೇಕು, ಟ್ರೇಗೆ ದಿನಕ್ಕೆ ಎರಡು ಚೊಂಬು ನೀರು ಸಾಕು, ಅಷ್ಟಕ್ಕೆ ಬೋರ್ ಬೇಕಾಗಲ್ಲ.

ಅವರೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಾಟಿ ಅವರೆ ಹಗಲು ಗಿಡ್ಡ ಆದ್ಮೇಲೇ ಹೂ ಬಿಡೋದು, ಬೇಗ ಹಾಕಿದ್ರೆ ಬರೀ ಬಳ್ಳಿ ಎಲೆ ಬೆಳೆದು ಜಾಗ ತಿನ್ನುತ್ತೆ. ಜುಲೈ-ಆಗಸ್ಟ್‌ನಲ್ಲಿ ಕಾಂಪೌಂಡ್ ಪಕ್ಕ ಊರಿ, ಡಿಸೆಂಬರ್-ಜನವರೀಲಿ ಸೊಗಡು ಕಾಯಿ ಸಿಗುತ್ತೆ, ನಿಮ್ಮ ಖಾಲಿ ತಿಂಗಳು ತುಂಬುತ್ತೆ. ಬೇರೆ ಕಾಲದಲ್ಲೂ ಅವರೆ ಬೇಕು ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಇದೆ, ಅದಕ್ಕೆ ಹಗಲಿನ ಉದ್ದದ ಹಂಗಿಲ್ಲ.

ಈಗ ಬೇರಿನ ಗಂಟು. ಅದು ಜಂತುಹುಳದ ಕೆಲಸ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಇದಕ್ಕೆ ಬೇಸಿಗೆಗಿಂತ ಒಳ್ಳೆ ಕಾಲ ಇಲ್ಲ. ಮಡಿ ಅಗೆದು ಹೆಂಟೆ ಒಡೆದು ಮಟ್ಟ ಮಾಡಿ, ಚೆನ್ನಾಗಿ ನೀರು ಹಾಯಿಸಿ (ಇದೊಂದಕ್ಕೆ ನೀರಿನ ಲೋಭ ಬೇಡ, ಒಣ ಮಣ್ಣಿನ ಒಳಗೆ ಕಾವು ಸರಿಯಾಗಿ ಇಳಿಯಲ್ಲ), ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಮಣ್ಣಿಗೆ ಅಂಟೋ ಹಾಗೆ ಹಾಸಿ ನಾಲ್ಕೂ ಅಂಚನ್ನ ಮಣ್ಣಲ್ಲಿ ಹೂತುಬಿಡಿ. ಕಪ್ಪು ಶೀಟ್ ಬೇಡ, ಅದು ತಾನೇ ಕಾಯುತ್ತೆ, ಮಣ್ಣಿಗೆ ಕಾವು ಕಮ್ಮಿ. 4ರಿಂದ 6 ವಾರ ಬಿಟ್ರೆ ಮೇಲ್ಮಣ್ಣಿನ ಹುಳ, ಕಳೆ ಬೀಜ ಬಹಳಷ್ಟು ಸಾಯುತ್ತೆ. ಶೀಟ್ ತೆಗೆದ್ಮೇಲೆ ಮತ್ತೆ ಆಳ ಅಗೀಬೇಡಿ, ಕೆಳಗಿಂದು ಮೇಲೆ ಬರುತ್ತೆ. ಗೊಬ್ಬರದ ಜೊತೆ ಬೇವಿನ ಹಿಂಡಿ ಸೇರ್ಸಿ, ಟೊಮ್ಯಾಟೊ ಇದ್ದ ಮಡೀಲಿ ಈ ಸಲ ಬದನೆ ಬೆಂಡೆನೂ ಬೇಡ, ಅವಕ್ಕೂ ಅದೇ ಕಾಟ. ಚೆಂಡು ಹೂ ಹಾಕಿ, ಹಬ್ಬಕ್ಕೆ ಹೂನೂ ಆಯ್ತು, ಅದರ ಬೇರು ಜಂತುಹುಳನ ತಗ್ಗಿಸುತ್ತೆ.

ನೀರಿನ ಬಗ್ಗೆ ಒಂದೇ ಮಾತು. ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್. ಸಾವಿರ ಚದರಡಿ ತಾರಸಿ ಇದ್ರೆ 20 ಮಿಲಿಮೀಟರ್‌ನ ಒಂದು ಭರಣಿ ಮಳೆಗೆ 1800 ಲೀಟರ್ ಮೇಲೆ ನೀರು ಚರಂಡಿಗೆ ಹೋಗ್ತಿದೆ. ಒಂದೆರಡು ಡ್ರಮ್ಮು, ಒಂದು ಪೈಪು ಇವತ್ತೇ ಜೋಡಿಸಿ.

ಪ್ರಶ್ನೆ: ನಮ್ಮಲ್ಲಿ ಉಲ್ಟಾ ಸಾರ್. ಮಳೆಗಾಲದಲ್ಲೇ ಏನೂ ಬೆಳೆಯಕ್ಕಾಗಲ್ಲ, ಎಲ್ಲಾ ಕೊಳೆತೋಗುತ್ತೆ.
— ಸಾಗರದ ಓದುಗರು

ಉತ್ತರ: ಪೂರ್ತಿ ಏನೂ ಇಲ್ಲ ಅನ್ಬೇಡಿ, ನಿಮ್ಮ ಹಿರಿಯರ ಹಿತ್ತಲು ನೆನಪಿಸ್ಕೊಳ್ಳಿ. ಮೇ ತಿಂಗಳಲ್ಲಿ ದರಗು (ಒಣಗಿದ ಎಲೆ) ಗುಡಿಸಿ, ಮಣ್ಣಿನ ಜೊತೆ ಸುಟ್ಟು ಸುಡುಮಣ್ಣು ಮಾಡಿ, ಏರುಮಡಿ ಮೇಲೆ ಮುಳ್ಳುಸೌತೆ, ಹೀರೆ, ಬೆಂಡೆ ಊರ್ತಿದ್ರು. ದೊಡ್ಡ ಮಳೆ ಹಿಡಿಯೋ ಹೊತ್ತಿಗೆ ಬಳ್ಳಿ ಚಪ್ಪರ ಹತ್ತಿರಬೇಕು, ತಡವಾಗಿ ಊರಿದ್ದೇ ಕೊಳೆಯೋದು. ಕೆಸು, ಸುವರ್ಣಗಡ್ಡೆ ಆಗ್ಲೇ ಹೂತುಬಿಡಿ, ಗಡ್ಡೆಗೆ ನೀರು ನಿಲ್ಲದ ಜಾಗ ನೋಡ್ಕೊಳ್ಳಿ. ಬದನೆ, ಮೆಣಸಿನಕಾಯಿ, ಹರಿವೆ ಎಲ್ಲ ಮಳೆ ಕಮ್ಮಿ ಆದ್ಮೇಲೆ, ಅದಕ್ಕೆ ಸಸಿ ಮಾತ್ರ ಸೆಪ್ಟೆಂಬರ್‌ನಲ್ಲಿ ಮಾಡಿನ ಕೆಳಗೆ, ಬೆಳಕು ಬೀಳೋ ಕಡೆ ಎಬ್ಬಿಸಿಡಿ. ಜುಲೈನಲ್ಲಿ ಮಡಿ ಬರಿದಾಗಿದ್ರೆ ಅದ್ರ ಮೇಲೆ ದಪ್ಪಗೆ ದರಗು ಹರಡಿ, ಇಲ್ಲಾಂದ್ರೆ ಒಳ್ಳೆ ಮಣ್ಣೆಲ್ಲ ಹಳ್ಳ ಸೇರುತ್ತೆ.

ಪ್ರಶ್ನೆ: ಹೈಬ್ರಿಡ್ ಟೊಮ್ಯಾಟೊ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕ್ಬಹುದಾ? ಡಬ್ಬೀಲಿ ಹಳೇ ಬೀಜಗಳೂ ಇವೆ.
— ಮಂಡ್ಯದ ಓದುಗರು

ಉತ್ತರ: ಹಾಕಿದ್ರೆ ಹುಟ್ಟುತ್ತೆ, ತಾಯಿ ಗಿಡದ ಹಾಗೇ ಇರಲ್ಲ, ಒಂದೊಂದು ಗಿಡ ಒಂದೊಂದು ಥರ. ಬೀಜ ಎತ್ತಿಡೋ ಆಸೆ ಇದ್ರೆ ಅರ್ಕಾ ವಿಕಾಸ್ ಥರ ಹೈಬ್ರಿಡ್ ಅಲ್ಲದ ತಳಿ ಹಾಕಿ. ಹಳೇ ಬೀಜನ ಈಗ್ಲೇ ಪರೀಕ್ಷೆ ಮಾಡ್ಬಿಡಿ, ಹತ್ತು ಬೀಜ ಒದ್ದೆ ಬಟ್ಟೇಲಿ ಸುತ್ತಿ ಬೆಚ್ಚಗಿರೋ ಕಡೆ ಇಡಿ, ಬಟ್ಟೆ ಒಣಗೋಕೆ ಬಿಡ್ಬೇಡಿ. ಬೆಂಡೆ, ಸೌತೆ ನಾಲ್ಕೈದು ದಿನದಲ್ಲಿ ಗೊತ್ತಾಗುತ್ತೆ, ಮೆಣಸಿನಕಾಯಿಗೆ ಎರಡು ವಾರ ತಾಳ್ಮೆ ಬೇಕು. ಏಳೆಂಟು ಮೊಳೆತ್ರೆ ಧೈರ್ಯವಾಗಿ ಹಾಕಿ, ನಾಲ್ಕೈದು ಅಂದ್ರೆ ಒತ್ತಾಗಿ ಬಿತ್ತಿ, ಅದಕ್ಕಿಂತ ಕಮ್ಮಿ ಆದ್ರೆ ಹೊಸದು ತನ್ನಿ. ಈರುಳ್ಳಿ ಬೀಜ ಒಂದು ವರ್ಷ ದಾಟಿದ್ರೆ ಅದನ್ನ ನೆಚ್ಕೋಬೇಡಿ.