ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ಏಳದ ಲ್ಯಾಪ್‌ಟಾಪ್

ಓದುಗರ ಪ್ರಶ್ನೆ, ರಿಪೇರಿ ಮೇಜಿನಿಂದ ಉತ್ತರ

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ಊರು ತೀರ್ಥಹಳ್ಳಿ ಹತ್ತಿರ. 2014ರಲ್ಲಿ ಮಗ ಕೊಡಿಸಿದ ಲ್ಯಾಪ್‌ಟಾಪ್ ಇದೆ. ಐ3 ಪ್ರೊಸೆಸರ್ ನಾಲ್ಕನೇ ತಲೆಮಾರು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನಮ್ಮ ಸೀಮೆಯ ಸೋಬಾನೆ ಹಾಡು, ಗಾದೆ, ಒಗಟು ಎಲ್ಲ ಹನ್ನೊಂದು ವರ್ಷದಿಂದ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಇದರಲ್ಲೇ ಇಟ್ಟಿದ್ದೇನೆ. ಈಗ ಗುಂಡಿ ಒತ್ತಿದರೆ ಪಾಸ್‌ವರ್ಡ್ ಕೇಳುವ ಪರದೆ ಎರಡು ನಿಮಿಷಕ್ಕೆ ಬರುತ್ತದೆ. ಆಮೇಲೆ ಆರೇಳು ನಿಮಿಷ ಏನು ಒತ್ತಿದರೂ ಅಲುಗಾಡುವುದಿಲ್ಲ. ಅಂಚಿನ ಸಣ್ಣ ದೀಪ ಮಾತ್ರ ಆರದೆ ಉರಿಯುತ್ತಿರುತ್ತದೆ. ಬ್ಯಾಟರಿ ಸತ್ತು ವರ್ಷವಾಯಿತು, ಕರೆಂಟ್ ಹೋದರೆ ಲ್ಯಾಪ್‌ಟಾಪೂ ಹೋಗುತ್ತದೆ. ಪೇಟೆಯ ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋಣ ಅಂದರು. ಮಗ ಹೊಸದು ತಗೊಳ್ಳಿ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಆ ಹಾಡುಗಳನ್ನು ಹೊರಗೆ ತೆಗೆಯಿರಿ.

ಇವತ್ತೇ ಒಂದು ಪೆನ್‌ಡ್ರೈವ್ ತಂದು ನುಡಿಯ ಫೈಲುಗಳನ್ನೆಲ್ಲ ಕಾಪಿ ಮಾಡಿ. ಬರಹದ ಫೈಲು ಎಷ್ಟೇ ಇದ್ದರೂ ಜಾಗ ಜಾಸ್ತಿ ತಿನ್ನುವುದಿಲ್ಲ. ಕಾಪಿ ಆಯಿತು ಅಂತ ಬಿಡಬೇಡಿ. ಆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲು ತೆರೆದು ನೋಡಿ. ಮಗನಿಗೂ ಒಂದು ಪ್ರತಿ ಕಳಿಸಿ. ಎರಡು ಬೇರೆ ಬೇರೆ ಕಡೆ ಇದ್ದರೆ ಮಾತ್ರ ಅದು ಇದೆ ಅಂತ ಲೆಕ್ಕ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಶಿವಮೊಗ್ಗದಲ್ಲಿ ನಾನು ಅಂಗಡಿ ಇಟ್ಟ ಹೊಸದರಲ್ಲಿ ಯಕ್ಷಗಾನದ ಭಾಗವತರೊಬ್ಬರು ಇಂಥದ್ದೇ ದೂರು ತಂದಿದ್ದರು. ಏಳೋದು ನಿಧಾನ, ಅಷ್ಟೇ ಅಂದರು. ಕಿವಿ ಕೊಟ್ಟರೆ ಒಳಗಿಂದ ಟಕ್... ಟಕ್... ಅಂತ ಬಿಟ್ಟು ಬಿಟ್ಟು ಸದ್ದು. ನಾನು ಡಿಸ್ಕ್ ಸರಿಪಡಿಸುವ ಚೆಕ್ ಹಾಕಿ ರಾತ್ರಿಯಿಡೀ ಓಡಲಿ ಅಂತ ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಡಿಸ್ಕ್ ಇದೆ ಅನ್ನೋದೇ ಲ್ಯಾಪ್‌ಟಾಪಿಗೆ ಗೊತ್ತಾಗುತ್ತಿರಲಿಲ್ಲ. ಅದರಲ್ಲಿ ಅವರ ಗುರುಗಳ ತಾಳಮದ್ದಳೆಯ ಧ್ವನಿಮುದ್ರಣ ಇತ್ತು. ಗುರುಗಳು ಆಗಲೇ ತೀರಿಕೊಂಡಿದ್ದರು. ಭಾಗವತರು ಒಂದು ಮಾತೂ ಬೈಯಲಿಲ್ಲ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಸಾಯುತ್ತಿರುವ ಡಿಸ್ಕಿಗೆ ಇಡೀ ರಾತ್ರಿ ಕೆಲಸ ಕೊಟ್ಟಿದ್ದು ನಾನು. ಅವತ್ತಿನಿಂದ ನನ್ನ ಮೇಜಿಗೆ ಯಾವ ಲ್ಯಾಪ್‌ಟಾಪ್ ಬಂದರೂ ಮೊದಲ ಪ್ರಶ್ನೆ ‘ಇದರಲ್ಲಿ ಏನಿದೆ, ಬೇರೆ ಎಲ್ಲಾದರೂ ಇದೆಯಾ’ ಅಂತ.

ಕಾಪಿ ಆಯಿತಲ್ವಾ? ಈಗ ರೋಗ ನೋಡೋಣ.

ನೀವು ಬಹಳ ಒಳ್ಳೆ ಕೆಲಸ ಮಾಡಿದ್ದೀರಿ, ಸಮಯವನ್ನು ಬಿಡಿಸಿ ಬರೆದಿದ್ದೀರಿ. ಹೆಚ್ಚಿನವರು ಸುಮ್ನೆ ‘ಸ್ಲೋ’ ಅಂತಾರೆ. ಲ್ಯಾಪ್‌ಟಾಪ್ ಏಳುವುದರಲ್ಲಿ ಮೂರು ಘಟ್ಟ ಇದೆ. ಗುಂಡಿ ಒತ್ತಿದಾಗಿನಿಂದ ಕಂಪನಿಯ ಗುರುತು ಕಾಣುವವರೆಗೆ ಒಂದು. ಅಲ್ಲಿ ವಿಂಡೋಸ್ ಇನ್ನೂ ಬಂದೇ ಇರುವುದಿಲ್ಲ. ಲ್ಯಾಪ್‌ಟಾಪ್ ತನ್ನ ಕೈಕಾಲು ನೆಟ್ಟಗಿದೆಯಾ ಅಂತ ನೋಡಿಕೊಳ್ಳುವ ಹೊತ್ತು ಅದು. ಅಲ್ಲಿಂದ ಪಾಸ್‌ವರ್ಡ್ ಪರದೆವರೆಗೆ ಇನ್ನೊಂದು. ಪಾಸ್‌ವರ್ಡ್ ಹಾಕಿದ ಮೇಲೆ ಕೈಗೆ ಸಿಗುವವರೆಗೆ ಮೂರನೆಯದು. ನಿಮ್ಮದರಲ್ಲಿ ಈ ಮೂರನೆಯದೇ ಆರೇಳು ನಿಮಿಷ ತಿನ್ನುತ್ತಿದೆ. ಅಂದರೆ ಪಾಸ್‌ವರ್ಡ್ ಹಾಕಿದ ತಕ್ಷಣ ಹತ್ತಾರು ಸಾಫ್ಟ್‌ವೇರ್ ಒಟ್ಟಿಗೆ ನುಗ್ಗುತ್ತಿವೆ, ಎಲ್ಲವೂ ಹಾರ್ಡ್ ಡಿಸ್ಕಿನ ಬಾಗಿಲಲ್ಲಿ ನಿಂತಿವೆ. ಆರದೆ ಉರಿಯುವ ಆ ಸಣ್ಣ ದೀಪ ಹಾರ್ಡ್ ಡಿಸ್ಕಿನದೇ ಆಗಿದ್ದರೆ ಅದೂ ಇದನ್ನೇ ಹೇಳುತ್ತಿದೆ.

ಹಾರ್ಡ್ ಡಿಸ್ಕ್ ಯಾಕಿಷ್ಟು ಒದ್ದಾಡುತ್ತದೆ? ಅದರೊಳಗೆ ತಟ್ಟೆ ತಿರುಗುತ್ತಿರುತ್ತದೆ. ಆ ಕಾಲದ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಓದುವ ಸೂಜಿ ಜಾಗದಿಂದ ಜಾಗಕ್ಕೆ ಸರಿಯಬೇಕು, ಬೇಕಾದ ತುಣುಕು ಸುತ್ತಿ ಬರುವವರೆಗೆ ಕಾಯಬೇಕು. ನಮ್ಮ ಮಲೆನಾಡಿನ ಪೋಸ್ಟ್‌ಮ್ಯಾನನ್ನು ನೆನೆಸಿಕೊಳ್ಳಿ. ಕಾಗದ ಹತ್ತೇ ಇರಬಹುದು, ಆದರೆ ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಹಳ್ಳದ ಆಚೆ. ಹೊತ್ತು ಹೋಗುವುದು ನಡೆಯುವುದರಲ್ಲೇ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲು ಬೇಕು, ಅವು ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿ. ಹಾರ್ಡ್ ಡಿಸ್ಕ್ ಇಂಥ ಚೆದುರಿದ ತುಣುಕನ್ನು ಸೆಕೆಂಡಿಗೆ ಅಂದಾಜು ಅರವತ್ತು ತರಬಲ್ಲದು. ಇದರ ಬದಲು ಹಾಕುವ, ಚಿಪ್ಪಿನಲ್ಲೇ ಫೈಲು ಇಡುವ ಡಿಸ್ಕಿಗೆ ಎಸ್‌ಎಸ್‌ಡಿ ಅಂತಾರೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಸರಿಯುವ ಸೂಜಿಯೂ ಇಲ್ಲ. ಅದು ಸೆಕೆಂಡಿಗೆ ಸಾವಿರಾರು ತರುತ್ತದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಲ್ಯಾಪ್‌ಟಾಪ್ ಏಳುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕದಾಗಿ ಬಂದರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ. ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲು ಕಾಣುತ್ತದೆ. ಡಿಸ್ಕ್ ಕೆಳಗೆ 100% ಅಂತ ಕೆಂಪಗೆ ನಿಂತು ಇಳಿಯದೇ ಇದ್ದರೆ ನನ್ನ ಅನುಮಾನ ಸರಿ. ಮೆಮೊರಿಯೂ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಜಾಗ, ಅದೇ ರ‍್ಯಾಮ್) 90% ದಾಟಿದ್ದರೆ ರ‍್ಯಾಮೂ ಸಾಲುತ್ತಿಲ್ಲ ಅಂತ. ಆಗ ವಿಂಡೋಸ್ ಜಾಗ ಸಾಲದೆ ಮತ್ತೆ ಡಿಸ್ಕಿನ ಮೇಲೇ ಹೊರೆ ಹಾಕುತ್ತದೆ.

ಅಲ್ಲೇ ಮೇಲೆ ‘ಸ್ಟಾರ್ಟಪ್’ ಅಂತ ಇದೆ. ತಾನಾಗಿಯೇ ಎದ್ದು ಬರುವವರ ಪಟ್ಟಿ ಅದು. ನಿಮಗೆ ಬೇಡದವರನ್ನು ಆರಿಸಿ ‘ಡಿಸೇಬಲ್’ ಒತ್ತಿ. ಸಾಫ್ಟ್‌ವೇರ್ ಅಳಿಸಿ ಹೋಗುವುದಿಲ್ಲ, ಕರೆದಾಗ ಬರುತ್ತದೆ, ಕರೆಯದೆ ಬರುವುದಿಲ್ಲ ಅಷ್ಟೆ. ಮೀಟಿಂಗ್ ಆ್ಯಪ್, ಹಾಡಿನ ಪ್ಲೇಯರ್, ಪ್ರಿಂಟರಿನ ಸಹಾಯಕ, ಹಳೇ ಫೋನಿನ ಸಾಫ್ಟ್‌ವೇರ್ ಎಲ್ಲ ಧೈರ್ಯವಾಗಿ ನಿಲ್ಲಿಸಿ. ಟಚ್‌ಪ್ಯಾಡ್, ಸದ್ದು, ವಿಂಡೋಸ್ ಸೆಕ್ಯುರಿಟಿ ಅಂತ ಹೆಸರಿದ್ದರೆ ಮುಟ್ಟಬೇಡಿ. ಹಣ ಕೊಟ್ಟು ಕೊಂಡು ಅವಧಿ ಮುಗಿದ ಆ್ಯಂಟಿವೈರಸ್ ಕೂತಿದ್ದರೆ ಅದನ್ನು ಪೂರ್ತಿ ತೆಗೆಯಿರಿ. ವಿಂಡೋಸಿನದೇ ಡಿಫೆಂಡರ್ ಇದೆ. ‘ಕಂಪ್ಯೂಟರ್ ವೇಗ ಮಾಡುತ್ತೇವೆ’ ಅನ್ನುವ ಬೂಸ್ಟರ್, ಕ್ಲೀನರುಗಳನ್ನು ಮಾತ್ರ ಹಾಕಲೇಬೇಡಿ. ಅವೂ ಅದೇ ಪಟ್ಟಿಗೆ ಸೇರುತ್ತವೆ.

ಮುಂದೆ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ತೆರೆದ ಕೂಡಲೇ ನೀಲಿ ಬಣ್ಣದಲ್ಲಿ ‘ಗುಡ್’ ಅಥವಾ ಹಳದಿಯಲ್ಲಿ ‘ಕಾಷನ್’ ಅಂತ ತೋರಿಸುತ್ತದೆ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಈ ಮೂರು ಸಾಲು ನೋಡಿ. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ತುಣುಕುಗಳು. ಸಿ5 ಅಂದರೆ ಓದಲು ಕಷ್ಟವಾಗಿ ಇನ್ನೂ ತೀರ್ಮಾನವಾಗದೆ ಉಳಿದವು. ಸಿ6 ಓದಲಾಗದೇ ಹೋದವು. ಮೂರರ ಕೊನೆಯಲ್ಲೂ ಸೊನ್ನೆಯೇ ಇದ್ದರೆ ಡಿಸ್ಕಿಗೆ ವಯಸ್ಸಾಗಿದೆ ಅಷ್ಟೆ, ಕಾಯಿಲೆ ಇಲ್ಲ. ಸಿ5ರಲ್ಲಿ ಅಂಕಿ ಇದ್ದರೆ, ಅದರಲ್ಲೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಆ ಡಿಸ್ಕಿನ ಮೇಲೆ ಇನ್ನು ನಂಬಿಕೆ ಬೇಡ. ಕರೆಂಟ್ ಹೋದಾಗಲೆಲ್ಲ ಥಟ್ಟನೆ ಆರಿದ ಲ್ಯಾಪ್‌ಟಾಪ್ ನಿಮ್ಮದು. ಮಳೆಗಾಲದಲ್ಲಿ ನಿಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ನನಗೂ ಗೊತ್ತು. ಬರೆಯುತ್ತಿರುವಾಗಲೇ ಆರಿದರೆ ಫೈಲು ಕೆಡುತ್ತವೆ, ಮುಂದಿನ ಸಲ ಏಳುವಾಗ ವಿಂಡೋಸ್ ಅದನ್ನೆಲ್ಲ ಸರಿಮಾಡಲು ಹೊತ್ತು ತಗೊಳ್ಳುತ್ತದೆ. ಆದ್ದರಿಂದ ಬ್ಯಾಟರಿ ಬದಲಾಯಿಸಿ, ಇಲ್ಲವೇ ಮನೆಯ ಯುಪಿಎಸ್ ಲೈನಿಗೆ ಹಾಕಿಕೊಳ್ಳಿ. ಹಳೇ ಬ್ಯಾಟರಿ ಉಬ್ಬಿದ್ದರೆ ಮಾತ್ರ ಇವತ್ತೇ ತೆಗೆದು ಹೊರಗಿಡಿ, ಒತ್ತುವುದು ಚುಚ್ಚುವುದು ಬೇಡ.

ಅಂಗಡಿಯವರು ಹೇಳಿದ ಫಾರ್ಮ್ಯಾಟಿನ ವಿಷಯ. ಮಾಡಿದರೆ ನಾಲ್ಕಾರು ತಿಂಗಳು ಚುರುಕಾಗಿ ಕಾಣುತ್ತದೆ, ನಿಜ. ಆದರೆ ತಿರುಗುವ ತಟ್ಟೆ ಅದೇ, ಸೂಜಿಯೂ ಅದೇ. ಅದೇ ಕೂಲಿಯನ್ನು ಎಸ್‌ಎಸ್‌ಡಿ ಹಾಕಿಸಲು ಕೊಡಿ. ನಿಮ್ಮ ಬರಹಕ್ಕೆ 256 ಜಿಬಿ ಧಾರಾಳ. ‘ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ’ ಅಂತ ಕೇಳಿ, ಹಳೇ ಡಿಸ್ಕ್ ಕೂತಿದ್ದ ಗೂಡಿನಲ್ಲೇ ಕೂರುತ್ತದೆ. ಬೆಲೆ ಏರಿಳಿಯುತ್ತಿದೆ, ಎರಡು ಕಡೆ ವಿಚಾರಿಸಿ. ನಾನು ಈ ವಯಸ್ಸಿನ ಲ್ಯಾಪ್‌ಟಾಪುಗಳಿಗೆ ಎಸ್‌ಎಸ್‌ಡಿ ಹಾಕಿದಾಗ ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಎದ್ದಿವೆ. ಹಣ ಉಳಿದರೆ ರ‍್ಯಾಮ್ ಇನ್ನೊಂದು 4 ಜಿಬಿ. ಆ ತಲೆಮಾರಿಗೆ ಹೆಚ್ಚಾಗಿ ಡಿಡಿಆರ್3ಎಲ್ ಬೇಕು, ಕೊನೆಯ ‘ಎಲ್’ ಮರೆಯಬೇಡಿ. ಅದು 1.35 ವೋಲ್ಟಿನದು, ಬರೀ ಡಿಡಿಆರ್3 ಅಂದರೆ 1.5 ವೋಲ್ಟಿನದು ಕೊಡುತ್ತಾರೆ, ನಿಮ್ಮದರಲ್ಲಿ ನಡೆಯದೇ ಹೋಗಬಹುದು. ಒಂದನ್ನೇ ಮಾಡಿಸುವಷ್ಟು ಹಣ ಇದ್ದರೆ ಎಸ್‌ಎಸ್‌ಡಿಯೇ. ರ‍್ಯಾಮ್ ಆಮೇಲೆ. ಬಿಚ್ಚಿದಾಗ ಫ್ಯಾನಿನ ದೂಳನ್ನೂ ತೆಗೆಸಿ.

ಹಳೇ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೇಳಿ ವಾಪಸ್ ತಗೊಳ್ಳಿ.

ಮಗ ಹೊಸದು ಅಂದಿದ್ದರಲ್ಲೂ ಒಂದು ನ್ಯಾಯ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತೆಯ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ನಿಮ್ಮ ನಾಲ್ಕನೇ ತಲೆಮಾರಿನ ಐ3ಗೆ ಅಧಿಕೃತವಾಗಿ ಸಿಗುವುದಿಲ್ಲ. ಬರೀ ಟೈಪ್ ಮಾಡಲು, ಇಂಟರ್ನೆಟ್ ಹಾಕದೆ ಬಳಸಿದರೆ ಈಗಿನದೇ ಸಾಕು. ಬ್ಯಾಂಕಿನ ಕೆಲಸ ಮಾತ್ರ ಇದರಲ್ಲಿ ಮಾಡಬೇಡಿ. ಇಂಟರ್ನೆಟ್ ಬೇಕೇ ಬೇಕು ಅಂದರೆ ಎಸ್‌ಎಸ್‌ಡಿಗೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿಸಬಹುದು. ಪುಕ್ಕಟೆ, ಹಳೇ ಲ್ಯಾಪ್‌ಟಾಪಿಗೂ ಹಗುರ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ‘ಕಗಪ’ ವಿನ್ಯಾಸ ಇದೆ, ನುಡಿಯಲ್ಲಿ ಪಳಗಿದ ನಿಮ್ಮ ಬೆರಳಿಗೆ ತೀರಾ ಹೊಸದು ಅನ್ನಿಸಲಿಕ್ಕಿಲ್ಲ. ಆದರೆ ನುಡಿಯ ಹಳೇ ಫಾಂಟಿನಲ್ಲಿ ಬರೆದ ಫೈಲನ್ನು ಅಲ್ಲಿ ತೆರೆದರೆ ಅಕ್ಷರವೆಲ್ಲ ಕಲಸಿದಂತೆ ಕಾಣುತ್ತದೆ. ಹೋಗುವ ಮೊದಲು ಎಲ್ಲವನ್ನೂ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ಪರಿವರ್ತಿಸಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಂದೊಂದು ಸಾಲು ಓದಿ ನೋಡಿ, ಅಲ್ಲೇ ತಪ್ಪು ನುಸುಳುವುದು. ನೀವು ಮಿಂಟಿಗೆ ಹೋಗದಿದ್ದರೂ ಈ ಯುನಿಕೋಡಿನ ಕೆಲಸ ಮಾಡಿ ಮೇಷ್ಟ್ರೇ. ನಿಮ್ಮ ಸೋಬಾನೆ ಪದಗಳನ್ನು ನಾಳೆ ಯಾರಾದರೂ ಫೋನಿನಲ್ಲೇ ಓದಬೇಕು, ಹುಡುಕಿದರೆ ಸಿಗಬೇಕು.

ಪ್ರಶ್ನೆ: ಗದಗಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಅಕ್ಕನ ಹಳೇ ಲ್ಯಾಪ್‌ಟಾಪ್ ನನಗೆ ಬಂದಿದೆ. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಎಫ್1 ಒತ್ತು ಅನ್ನುತ್ತದೆ, ಒತ್ತಿದ ಮೇಲೂ ಒಂದು ನಿಮಿಷ ಸುಮ್ಮನೆ ನಿಲ್ಲುತ್ತದೆ. ತಾರೀಖು ದಿನಾ ತಪ್ಪು. ಕಾಲೇಜಿನ ವೆಬ್‌ಸೈಟ್ ತೆರೆದರೆ ಸುರಕ್ಷಿತವಲ್ಲ ಅನ್ನುತ್ತದೆ. ವೈರಸ್ ಇರಬಹುದಾ ಅಣ್ಣಾ?

ಉತ್ತರ: ವೈರಸ್ ಅಲ್ಲಪ್ಪ. ಮದರ್‌ಬೋರ್ಡಿನ ಮೇಲೆ ಗುಂಡನೆ ಬಿಲ್ಲೆಯಂಥ 3 ವೋಲ್ಟಿನ ಸೆಲ್ ಇರುತ್ತದೆ, ಸಿಮೋಸ್ ಸೆಲ್ ಅಂತಾರೆ. ಲ್ಯಾಪ್‌ಟಾಪ್ ಆಫ್ ಇದ್ದಾಗ ಗಡಿಯಾರ ಓಡಿಸುವುದು ಅದು. ಅದು ಸತ್ತಿದೆ. ತಾರೀಖು ತಪ್ಪಿದರೆ ವೆಬ್‌ಸೈಟಿನ ಪ್ರಮಾಣಪತ್ರದ ಅವಧಿಯೂ ಲೆಕ್ಕ ತಪ್ಪುತ್ತದೆ, ಅದಕ್ಕೇ ಆ ಎಚ್ಚರಿಕೆ. ಹಳೇ ಸೆಲ್ ತೆಗೆದುಕೊಂಡೇ ಅಂಗಡಿಗೆ ಹೋಗು. ಕೆಲವದರಲ್ಲಿ ಬರೀ ಬಿಲ್ಲೆ ಇರುತ್ತದೆ, ಹೆಚ್ಚಾಗಿ ಸಿಆರ್2032. ಕೆಲವದರಲ್ಲಿ ಎರಡು ವೈರು, ಸಣ್ಣ ಪಿನ್ನು ಸೇರಿಸಿ ಸುತ್ತಿರುತ್ತಾರೆ, ಅದಕ್ಕೆ ಅದೇ ಬೇಕು. ಬಿಚ್ಚುವ ಮೊದಲು ಚಾರ್ಜರ್ ತೆಗಿ, ಬ್ಯಾಟರಿಯನ್ನೂ ತೆಗಿ.

ಹಾಕಿದ ಮೇಲೆ ಬಯೋಸ್, ಅಂದರೆ ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪರದೆಯ ಒಳಗೆ ಹೋಗಿ ತಾರೀಖು ಸರಿಮಾಡು. ಬೂಟ್ ಆರ್ಡರಿನಲ್ಲಿ (ಯಾವುದರಿಂದ ಏಳಬೇಕು ಅನ್ನುವ ಸರದಿ) ನೆಟ್‌ವರ್ಕ್ ಮೊದಲು ಬಂದು ಕೂತಿದೆಯಾ ನೋಡು. ಕೂತಿದ್ದರೆ ಏಳುವ ಮೊದಲು ಇಲ್ಲದ ನೆಟ್‌ವರ್ಕನ್ನು ಹುಡುಕುತ್ತದೆ, ಆ ಒಂದು ನಿಮಿಷ ಅಲ್ಲೇ ಹೋಗುತ್ತಿರಬಹುದು. ಹಾರ್ಡ್ ಡಿಸ್ಕನ್ನು ಮೇಲಕ್ಕೆ ತಂದು ಸೇವ್ ಮಾಡು.

ಪ್ರಶ್ನೆ: ನಾನು ಮುಂಬೈ ಹತ್ತಿರದ ಠಾಣೆ ಊರಿನಲ್ಲಿರುವ ಕನ್ನಡತಿ, ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನೆ. ಆದರೂ ಟಾಸ್ಕ್ ಮ್ಯಾನೇಜರಿನಲ್ಲಿ ‘ಅಪ್ ಟೈಮ್’ (ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ) 41 ದಿನ ಅಂತ ತೋರಿಸುತ್ತದೆ. ದಿನದಿಂದ ದಿನಕ್ಕೆ ನಿಧಾನ ಆಗುತ್ತಿದೆ. ಹೇಗೆ ಸಾಧ್ಯ?

ಉತ್ತರ: ಮೇಡಂ, ಲ್ಯಾಪ್‌ಟಾಪ್ ಸುಳ್ಳು ಹೇಳುತ್ತಿಲ್ಲ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅಂತ ಬಂದಿದೆ. ಶಟ್‌ಡೌನ್ ಅಂದಾಗ ನಿಮ್ಮ ಕೆಲಸಗಳನ್ನು ಮುಚ್ಚುತ್ತದೆ, ಆದರೆ ವಿಂಡೋಸಿನ ಒಳಭಾಗವನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ತೊಡಕೂ ಜೊತೆಗೇ ಬರುತ್ತದೆ. ‘ರೀಸ್ಟಾರ್ಟ್’ ಕೊಟ್ಟರೆ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಇವತ್ತು ಕೆಲಸ ಮುಗಿದ ಮೇಲೆ ಒಂದು ಸಲ ರೀಸ್ಟಾರ್ಟ್ ಮಾಡಿ, ಅಪ್ ಟೈಮ್ ಸೊನ್ನೆಗೆ ಬರುವುದನ್ನು ನೋಡಿ. ವಾರಕ್ಕೊಮ್ಮೆ ಹೀಗೆ ಮಾಡಿದರೂ ಸಾಕು. ಎರಡು ವಾರ ನೋಡಿಯೂ ನಿಧಾನ ಅನ್ನಿಸಿದರೆ, ಮೇಷ್ಟ್ರಿಗೆ ಹೇಳಿದ ಡಿಸ್ಕಿನ ಮೂರು ಸಾಲು ಓದಿ ಅಂಕಿ ಬರೆದು ಕಳಿಸಿ.