ಚಾರ್ಟೂ ಬೇಡ, ವೇಷದ ಕಿಟ್ಟೂ ಬೇಡ, ಡೈರಿಗೆ ಕರ್ಕೊಂಡು ಹೋಗಿ

ಚಿಕ್ಕಬಳ್ಳಾಪುರದ ನಿಮ್ಮ ಯುಕೆಜಿ ಮಕ್ಕಳಿಗೆ 'ನಮ್ಮ ಸಹಾಯಕರು' ಪಾಠ ಮಾಡೋಕೆ ಚಾರ್ಟ್ ತಗೊಳ್ಳಲಾ, ವೇಷದ ಕಿಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ಎರಡೂ ತಗೊಂಡಿದ್ದೆ. ಮುಳಬಾಗಿಲು ಕಡೆ ಹಳ್ಳಿ, ಹದಿನೆಂಟು ಮಕ್ಕಳು. ವಾರದೊಳಗೆ ಡಾಕ್ಟರ್, ಪೊಲೀಸ್, ಪೈಲಟ್ ಎಲ್ಲಾ ಬಾಯಿಪಾಠ. ಆಮೇಲೆ "ನಿಮ್ಮಮ್ಮ ಏನ್ ಕೆಲಸ ಮಾಡ್ತಾಳೆ?" ಅಂದರೆ ಒಬ್ಬಳು "ಏನಿಲ್ಲ ಮಿಸ್, ಮನೇಲಿರ್ತಾಳೆ" ಅಂದಳು. ಆ ಅಮ್ಮ ಎರಡು ಹಸು ಕರೆದು ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕೋರು.

ತಪ್ಪು ನನ್ನದೇ. ಕೆಲಸ ತೋರಿಸೋ ಮೊದಲು ಹೆಸರು ಹೇಳಿಬಿಟ್ಟೆ. "ಡಾಕ್ಟರ್ ಅಂದ್ರೆ ರೋಗ ವಾಸಿ ಮಾಡೋರು" ಅಂತ ಶುರು ಮಾಡಿದರೆ ಮಗು ಹೆಸರು, ಬಟ್ಟೆ, ಒಂದು ವಾಕ್ಯ ಮೂರನ್ನೂ ಗಂಟು ಕಟ್ಟಿ ಒಳಗಿಟ್ಟುಕೊಳ್ಳುತ್ತೆ. ಬಟ್ಟೆ ಇಲ್ಲದ ಕೆಲಸ ಅದರ ಕಣ್ಣಿಗೆ ಕೆಲಸವೇ ಅಲ್ಲ. ಬೆಳಿಗ್ಗೆ ವಾಲ್ವ್ ತಿರುಗಿಸೋ ನೀರಗಂಟಿಗೆ ಯೂನಿಫಾರ್ಮ್ ಇಲ್ಲ, ಡೈರೀಲಿ ಹಾಲು ಪರೀಕ್ಷೆ ಮಾಡೋ ಟೆಸ್ಟರ್‌ಗೆ ಟೋಪಿ ಇಲ್ಲ. ಕಿಟ್‌ನಲ್ಲಿರೋದು ಊರಿಗೆ ಹೊರಗಿಂದ ಬರೋರೇ. ಪೈಲಟ್‌ನ ಮುಳಬಾಗಿಲಲ್ಲಿ ಯಾರು ನೋಡಿದ್ದಾರೆ ಹೇಳಿ!

ಆದ್ದರಿಂದ ಮೊದಲು ವಸ್ತು, ಆಮೇಲೆ ಅದರ ಹಿಂದೆ ದುಡಿಯೋ ಕೈ, ಕೊನೆಗೆ ಹೆಸರು. ವಸ್ತು ಅಂದರೆ ಒಂದು ಲೋಟ ಹಾಲು. ನಮ್ಮ ಎರಡು ಜಿಲ್ಲೆಗೂ ಇದಕ್ಕಿಂತ ಒಳ್ಳೇದು ಸಿಗಲ್ಲ.

ಡೈರಿಗೆ ಹೋಗುವಾಗ ಹತ್ತು ಮಕ್ಕಳ ಮೇಲೆ ಬೇಡ. ಡೈರಿ ಕಾರ್ಯದರ್ಶಿಗೆ ಹಿಂದಿನ ದಿನವೇ ಹೇಳಿ, ಸಂಜೆ ಸರದಿ ಮುಗಿಯೋಕೆ ಇಪ್ಪತ್ತು ನಿಮಿಷ ಇರುವಾಗ ಹೋಗಿ. ಬೆಳಿಗ್ಗೆ ಹೋದರೆ ಕ್ಯಾನ್ ನಡುವೆ ಮಕ್ಕಳು ಸಿಕ್ಕಿಹಾಕ್ಕೊಳ್ತಾರೆ, ನೆಲ ಬೇರೆ ಒದ್ದೆ. ಒಂದು ಮಗುವಿನ ಕೈಲಿ ಅರ್ಧ ಲೀಟರ್ ಹಾಲಿನ ಚೊಂಬು ಕೊಟ್ಟು ಸಾಲಲ್ಲಿ ನಿಲ್ಲಿಸಿ. ಟೆಸ್ಟರ್ ಹಾಲಿಗೆ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ತೋರಿಸೋ ಗಾಜಿನ ಕೊಳವೆ) ಬಿಟ್ಟಾಗ ಅದು ತೇಲೋದನ್ನ ನೋಡಲಿ. ಬೇರೆ ಪಾತ್ರೇಲಿ ಸ್ವಲ್ಪ ಹಾಲಿಗೆ ನೀರು ಬೆರೆಸಿ ಮತ್ತೆ ಬಿಡಿಸಿ: ಇನ್ನೂ ಕೆಳಗೆ ಮುಳುಗುತ್ತೆ. ಹಸುವಿನ ಹಾಲಿಗೆ ಫ್ಯಾಟ್ ಶೇ. 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ. 8.5 ಅನ್ನೋದೆಲ್ಲ ನಿಮಗಿರಲಿ. ಮಕ್ಕಳಿಗೆ "ನೀರು ಹಾಕಿದ್ರೆ ಗೊತ್ತಾಗುತ್ತೆ" ಅನ್ನೋದಷ್ಟೇ ಸಾಕು, ನಂಬಿಕೆ ಅನ್ನೋ ಪದವನ್ನ ಯಾರೂ ಬೇರೆ ಹೇಳಿಕೊಡಬೇಕಿಲ್ಲ. ಹಾಲನ್ನ 4 ಡಿಗ್ರಿಗೆ ತಣಿಸೋ ಕೂಲರ್ ಇದ್ದರೆ ಹೊರಗಿಂದ ಕೈ ಇಟ್ಟು ಅದರ ಗುಂಯ್ ಅನ್ನೋ ಸದ್ದು ಕೇಳಲಿ.

ಅಲ್ಲಿ "ನೀವು ನಮಗೆ ಏನು ಸಹಾಯ ಮಾಡ್ತೀರಿ?" ಅಂತ ಕೇಳಿಸಬೇಡಿ. ದೊಡ್ಡೋರು ಭಾಷಣ ಶುರು ಮಾಡ್ತಾರೆ, ಮಕ್ಕಳು ಆಕಳಿಸ್ತಾರೆ. "ನಾಳೆ ನೀವು ಬರದೇ ಇದ್ರೆ ಏನಾಗುತ್ತೆ?" ಅಂತ ಕೇಳಿಸಿ.

ಮಾರನೇ ದಿನ ಹಗ್ಗದ ಆಟ. ಉಲ್ಲನ್ ದಾರ ಬೇಡ, ಗಂಟು ಬಿಡಿಸೋದ್ರಲ್ಲೇ ಪೀರಿಯಡ್ ಮುಗಿಯುತ್ತೆ. ಬೆರಳಗಲದ ಹತ್ತಿ ಹಗ್ಗ, ಎಂಟು ಮೀಟರ್. ಕೈಲಿ ಹಿಡಿಯಬೇಕು, ಸೊಂಟಕ್ಕೂ ಕೊರಳಿಗೂ ಸುತ್ತಬಾರದು. ಆರೇ ಮಕ್ಕಳು: ಹಸುವಿಗೆ ನೀರು ಬಿಡೋ ನೀರಗಂಟಿ, ಹಾಲು ಕರೆಯೋ ಅಮ್ಮ, ದನದ ಡಾಕ್ಟರ್, ಟೆಸ್ಟರ್, ಲೈನ್‌ಮ್ಯಾನ್, ಟ್ಯಾಂಕರ್ ಡ್ರೈವರ್. ಎಂಟು ದಾಟಿದರೆ ಈ ವಯಸ್ಸಿನವರಿಗೆ ಎಳೆ ತಪ್ಪುತ್ತೆ. ಹಗ್ಗ ಬಿಗಿಯಾದ ಮೇಲೆ ಲೈನ್‌ಮ್ಯಾನ್ ಕೈ ಬಿಡಲಿ. "ಕರೆಂಟ್ ಹೋಯ್ತು, ಯಾರ ಕೈಲಿ ಸಡಿಲ ಆಯ್ತು?" ಅನ್ನಿ. ಕೂಲರ್ ನಿಂತಿತು, ಹಾಲು ಕೆಟ್ಟಿತು, ಲೋಟ ಖಾಲಿ ಅಂತ ಅವರೇ ಹೇಳ್ತಾರೆ. ನೀವು ಮೊದಲೇ ಹೇಳಿದರೆ ಆಟ ಸತ್ತಂತೆ (ನಾನು ಇದನ್ನೂ ಒಂದ್ಸಲ ಮಾಡಿದ್ದೀನಿ).

ನಿಮ್ಮದು ಸರ್ಕಾರಿ ಶಾಲೆಯಾದರೆ 2013ರಿಂದ ಬರ್ತಿರೋ ಕ್ಷೀರಭಾಗ್ಯದ ಹಾಲೇ ಸಾಕು. ಮಗುವಿಗೆ 18 ಗ್ರಾಂ ಪುಡಿ, 150 ಎಂಎಲ್ ಹಾಲು. ಪುಡಿಯನ್ನ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕದಡೋದನ್ನ ಮಕ್ಕಳು ನೋಡಲಿ. ಕುದಿಯೋ ನೀರಿಗೆ ನೇರ ಸುರಿದರೆ ಗಂಟಾಗುತ್ತೆ. ಖಾಸಗಿ ಶಾಲೆಯಾದರೆ ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ, ಒಣ ಕಸಕ್ಕೆ ಹಾಕಿಸಿ. ಪೌರಕಾರ್ಮಿಕರ ಪಾಠ ಅಲ್ಲಿಂದ ತೆಗೀಬಹುದು.

ಇನ್ನೊಂದು. "ಊಟ ಮಾಡದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಅನ್ನೋ ಅಭ್ಯಾಸ ಮನೇಲಿದ್ದರೆ ಮೊದಲು ಅದನ್ನ ಬಿಡಿಸಿ, ಇಲ್ಲದಿದ್ದರೆ ತುರ್ತು ಸಹಾಯದ ನಂಬರ್ 112 ಕಲಿಸಿದ್ದು ದಂಡ. ನಂಬರ್ ಜೊತೆಗೆ ಅಪ್ಪನ ಹೆಸರು, ಊರು, ಮನೆ ಹತ್ತಿರದ ಗುರುತು ಹೇಳೋಕೂ ಬರಬೇಕು.

ಮ್ಯಾನೇಜ್‌ಮೆಂಟ್‌ನವರು ಫ್ಯಾನ್ಸಿ ಡ್ರೆಸ್ ಬೇಕೇ ಬೇಕು ಅಂದರೆ ಬಟ್ಟೆ ಬಾಡಿಗೆಗೆ ತರಬೇಡಿ, ಸಲಕರಣೆ ಮಾಡಿಸಿ. ಪೊರಕೆ ಕೋಲಿಗೆ ಅಡ್ಡ ಕಡ್ಡಿ ಕಟ್ಟಿದರೆ ನೀರಗಂಟಿಯ ವಾಲ್ವ್ ಕೀಲಿ ಆಯ್ತು. ಎರಡಡಿ ಸಾಕು, ಉದ್ದ ಆದರೆ ಪಕ್ಕದವರ ಕಣ್ಣಿಗೆ ಚುಚ್ಚುತ್ತೆ.