ನಕ್ಷತ್ರಗಳ ನಡುವಿನ ಮೋಡದಲ್ಲಿ ನಡೆಯುವ ಅಯಾನು ಕ್ರಿಯೆಗಳನ್ನು ಲ್ಯಾಬ್‌ನಲ್ಲಿ ಹೇಗೆ ಅಳೆಯುತ್ತಾರೆ? ಆ ಅಂಕಿಗಳನ್ನು ನಂಬಬಹುದಾ?

ನೀವು ಕೇಳಿರೋದು ಎರಡು ವಿಷಯ. ಹತ್ತು ಕೆಲ್ವಿನ್ (ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್) ಚಳಿ, ಇಲ್ಲವೇ ಇಲ್ಲ ಅನ್ನುವಷ್ಟು ತೆಳುವಾದ ಅನಿಲ, ಇಂಥ ಜಾಗವನ್ನು ಲ್ಯಾಬ್‌ನಲ್ಲಿ ತಯಾರಿಸೋಕಾಗುತ್ತಾ ಅನ್ನೋದು ಒಂದು. ಅಲ್ಲಿ ವರ್ಷಗಟ್ಟಲೆ ಹಿಡಿಯುವ ಕ್ರಿಯೆಯನ್ನು ಇಲ್ಲಿ ಕೆಲವು ಮಿಲಿಸೆಕೆಂಡ್‌ನಲ್ಲಿ ಅಳೆದೆವು ಅಂದರೆ ಅದಕ್ಕೆ ಅರ್ಥ ಇದೆಯಾ ಅನ್ನೋದು ಇನ್ನೊಂದು. ಪಿಎಚ್‌ಡಿ ಮಾಡುವಾಗ ನಾನು ಕೆಲಸ ಮಾಡಿದ್ದು ಇಂಥ ಅಳತೆಗೆ ಬಳಸುವ, ಅನಿಲ ಹರಿಸುವ ಒಂದು ಕೊಳವೆಯ ಮೇಲೆ, ಅಂದರೆ ಫ್ಲೋ ಟ್ಯೂಬ್ ಮೇಲೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎರಡನೇ ಪ್ರಶ್ನೆ, ಯಾಕಂದ್ರೆ ಅದು ಸುಲಭ. ಲ್ಯಾಬ್‌ನಲ್ಲಿ ಯಾರೂ ಮೋಡವನ್ನು ಕಟ್ಟುವುದಿಲ್ಲ. ಒಂದು ಅಯಾನು (ವಿದ್ಯುದಾವೇಶ ಇರುವ ಪರಮಾಣು ಅಥವಾ ಅಣು), ಅದಕ್ಕೆ ಡಿಕ್ಕಿ ಹೊಡೆಯುವ ಒಂದು ಪರಮಾಣು ಅಥವಾ ಅಣು, ಇಷ್ಟನ್ನೇ ತೆಗೆದುಕೊಂಡು ಆ ಜೋಡಿಯ ರೇಟ್ ಕಾನ್‌ಸ್ಟಂಟ್, ಅಂದರೆ ಅವು ಎಷ್ಟು ಚುರುಕಾಗಿ ಕ್ರಿಯೆ ನಡೆಸುತ್ತವೆ ಅನ್ನುವ ಸಂಖ್ಯೆಯನ್ನು ಅಳೆಯುತ್ತಾರೆ. ಈ ಸಂಖ್ಯೆಗೆ ಸುತ್ತ ಎಷ್ಟು ಅಣುಗಳಿವೆ ಅನ್ನೋದರ ಜೊತೆ ಸಂಬಂಧ ಇಲ್ಲ. ಉದಾಹರಣೆಗೆ ಎಚ್₂⁺ ಅನ್ನುವ ಅಯಾನು ಎಚ್₂ (ಹೈಡ್ರೋಜನ್) ಅಣುವಿಗೆ ಸಿಕ್ಕರೆ ಎಚ್₃⁺ ಆಗುತ್ತದೆ, ಒಂದು ಎಚ್ ಪರಮಾಣು ಹೊರಬೀಳುತ್ತದೆ. ಇದರ ರೇಟ್ ಕಾನ್‌ಸ್ಟಂಟ್ ಸೆಕೆಂಡಿಗೆ ಸುಮಾರು 2 × 10⁻⁹ ಘನ ಸೆಂಟಿಮೀಟರ್. ದಟ್ಟ ಮೋಡ ಅಂತ ಕರೆಯುವ ಕಡೆ ಒಂದು ಘನ ಸೆಂಟಿಮೀಟರ್‌ನಲ್ಲಿ ಸುಮಾರು ಹತ್ತು ಸಾವಿರ ಎಚ್₂ ಅಣುಗಳಿರುತ್ತವೆ. ಗುಣಿಸಿ ನೋಡಿ: ಹುಟ್ಟಿದ ಎಚ್₂⁺ ಸರಾಸರಿ 14 ಗಂಟೆ ಕಾಯಬೇಕು. ಲ್ಯಾಬ್‌ನ ಟ್ಯೂಬ್‌ನಲ್ಲಿ ಅದೇ ಜಾಗಕ್ಕೆ ಲಕ್ಷ ಕೋಟಿ ಅಣುಗಳನ್ನು ಬಿಟ್ಟರೆ ಅರ್ಧ ಮಿಲಿಸೆಕೆಂಡ್ ಸಾಕು. ಸಂಖ್ಯೆ ಬದಲಾಗಲಿಲ್ಲ, ಜನಸಂದಣಿ ಬದಲಾಯಿತು ಅಷ್ಟೇ. ಹಾಗೆ ಅಳೆದ ನೂರಾರು, ಸಾವಿರಾರು ಸಂಖ್ಯೆಗಳನ್ನು ಕಂಪ್ಯೂಟರ್ ಮಾದರಿಯೊಳಗೆ ಹಾಕಿ, ಲಕ್ಷಾಂತರ ವರ್ಷ ಓಡಿಸುವುದು ಮಾದರಿ ಮಾಡುವವರ ಕೆಲಸ.

ಅಯಾನುಗಳೇ ಯಾಕೆ ಅಂತ ಕೇಳಬಹುದು. ಹತ್ತು ಕೆಲ್ವಿನ್‌ನಲ್ಲಿ ಮಾಮೂಲಿ ಅಣುಗಳು ಡಿಕ್ಕಿ ಹೊಡೆದರೂ ಹೆಚ್ಚಿನವು ಸುಮ್ನೆ ಸರಿದು ಹೋಗುತ್ತವೆ. ಕ್ರಿಯೆ ಶುರುವಾಗಲು ದಾಟಬೇಕಾದ ಶಕ್ತಿಯ ತಡೆ 1000 ಕೆಲ್ವಿನ್‌ನಷ್ಟಿದ್ದರೆ, ಅದನ್ನು ದಾಟುವ ಸಾಧ್ಯತೆ ದಶಮಾಂಶ ಬಿಂದುವಿನ ನಂತರ 43 ಸೊನ್ನೆ ಬರೆದ ಮೇಲೆ ಶುರುವಾಗುತ್ತದೆ. ಅಯಾನುಗಳ ವಿಷಯ ಬೇರೆ. ವಿದ್ಯುದಾವೇಶ ಇರುವುದರಿಂದ ಅದು ಎದುರಿನ ಅಣುವಿನ ಎಲೆಕ್ಟ್ರಾನ್ ಮೋಡವನ್ನು ದೂರದಿಂದಲೇ ಓರೆ ಮಾಡಿ ಹತ್ತಿರ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವಾಗ ಸಿಗುವ ಶಕ್ತಿಯಲ್ಲೇ ಎಷ್ಟೋ ತಡೆಗಳು ಮುಳುಗಿಹೋಗುತ್ತವೆ. ಲ್ಯಾಂಜೆವಿನ್ ಹೆಸರಿನ ಹಳೆಯ ಲೆಕ್ಕವೊಂದಿದೆ. ಅದರ ಪ್ರಕಾರ ಇಂಥ ಡಿಕ್ಕಿಯ ದರ ಮೇಲಿನ ಅಳತೆಯಲ್ಲೇ ಸುಮಾರು 10⁻⁹, ಮತ್ತು ಅದು ಉಷ್ಣತೆಯನ್ನು ಅವಲಂಬಿಸುವುದಿಲ್ಲ. ಎದುರಿನ ಅಣುವಿಗೇ ಧನ-ಋಣ ತುದಿಗಳಿದ್ದರೆ ಚಳಿ ಹೆಚ್ಚಿದಷ್ಟೂ ದರ ಇನ್ನೂ ಜಾಸ್ತಿಯಾಗುತ್ತದೆ.

ಇದನ್ನೇ ಹಿಡಿದು 1973ರಲ್ಲಿ ಹರ್ಬ್‌ಸ್ಟ್ ಮತ್ತು ಕ್ಲೆಂಪರರ್ ಮೋಡದ ರಸಾಯನದ ಮಾದರಿ ಕೊಟ್ಟರು. ಕಾಸ್ಮಿಕ್ ಕಿರಣ (ಬಾಹ್ಯಾಕಾಶದಲ್ಲಿ ಓಡಾಡುವ ಭಾರೀ ವೇಗದ ಕಣಗಳು) ಎಚ್₂ವನ್ನು ಅಯಾನು ಮಾಡುತ್ತದೆ, ಎಚ್₃⁺ ಹುಟ್ಟುತ್ತದೆ, ಅದು ಸಿಕ್ಕವರಿಗೆಲ್ಲ ಒಂದು ಪ್ರೋಟಾನ್ ಕೊಡುತ್ತಾ ಹೋಗುತ್ತದೆ. ಹಾಗಂತ ಅಯಾನುಗಳು ಅಲ್ಲಿ ತುಂಬಿ ತುಳುಕುತ್ತಿಲ್ಲ. ಒಂದೇ ಒಂದು ಎಚ್₂ ಅಣುವನ್ನು ಗುರುತಿಟ್ಟು ಕೂತರೆ, ಕಾಸ್ಮಿಕ್ ಕಿರಣ ಅದಕ್ಕೆ ತಾಗಲು ಸುಮಾರು 300 ಕೋಟಿ ವರ್ಷ ಬೇಕು. ಮೋಡ ಅಷ್ಟು ದೊಡ್ಡದಿರೋದರಿಂದ ನಡೆಯುತ್ತದೆ. ಎಚ್₃⁺ ಅನ್ನು ಥಾಮ್ಸನ್ 1911ರಲ್ಲೇ ಲ್ಯಾಬ್‌ನಲ್ಲಿ ಕಂಡಿದ್ದರು, ಓಕಾ 1980ರಲ್ಲಿ ಅದರ ರೋಹಿತ (ಅದು ಹೀರುವ ಬೆಳಕಿನ ಗುರುತು) ಹಿಡಿದರು, ಮೋಡದಲ್ಲಿ ಸಿಕ್ಕಿದ್ದು ಮಾತ್ರ 1996ರಲ್ಲಿ.

ಈಗ ಅಳತೆಗೆ ಬರೋಣ. 1960ರ ದಶಕದಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಫರ್ಗ್ಯೂಸನ್, ಫೆಸೆನ್‌ಫೆಲ್ಡ್, ಶ್ಮೆಲ್ಟೆಕಾಫ್ ಸೇರಿ ಫ್ಲೋಯಿಂಗ್ ಆಫ್ಟರ್‌ಗ್ಲೋ ಅನ್ನುವ ಉಪಕರಣ ಮಾಡಿದರು. ಅವರ ಗುರಿ ಭೂಮಿಯ ಮೇಲ್ವಾತಾವರಣವಾಗಿತ್ತು, ನಕ್ಷತ್ರಗಳ ಮೋಡ ಅಲ್ಲ. ಉಪಕರಣ ನೋಡೋಕೆ ಅಂಥದ್ದೇನೂ ಇಲ್ಲ. ಸುಮಾರು ಒಂದು ಮೀಟರ್ ಉದ್ದದ, ಅಂಗೈ ಅಗಲದ ಸ್ಟೀಲ್ ಟ್ಯೂಬ್. ಅದರೊಳಗೆ ಅರ್ಧ ಟಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 1500ನೇ ಒಂದು ಭಾಗ) ಒತ್ತಡದಲ್ಲಿ ಹೀಲಿಯಂ ಹರಿಯುತ್ತದೆ, ಸೆಕೆಂಡಿಗೆ ನೂರು ಮೀಟರ್ ಆಸುಪಾಸಿನ ವೇಗದಲ್ಲಿ. ಕೊನೆಯಲ್ಲಿ ದೊಡ್ಡ ಪಂಪ್. ಅದರ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಒಂದು ತುದಿಯಲ್ಲಿ ಅಯಾನುಗಳನ್ನು ತಯಾರಿಸಿ ಬಿಡುತ್ತಾರೆ. ಹೀಲಿಯಂಗೆ ಸಾವಿರಾರು ಸಲ ತಾಗಿ ತಾಗಿ ಅವು ತಣ್ಣಗಾಗಿ ಕೋಣೆಯ ಉಷ್ಣತೆಗೆ ಬರುತ್ತವೆ. ಮಧ್ಯದಲ್ಲಿ ಇನ್ನೊಂದು ಅನಿಲವನ್ನು ಅಳೆದು ಸೇರಿಸುತ್ತಾರೆ. ಇನ್ನೊಂದು ತುದಿಯ ಸಣ್ಣ ರಂಧ್ರದಿಂದ ಒಂದಿಷ್ಟು ಅಯಾನುಗಳು, ಅವುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹೋಗುತ್ತವೆ. ಅನಿಲ ಹೆಚ್ಚಿಸಿದಂತೆ ಅಯಾನಿನ ಎಣಿಕೆ ಇಳಿಯುತ್ತದೆ. ಲಾಗರಿದಮ್ ಹಾಕಿ ಗೆರೆ ಎಳೆದರೆ ಅದರ ಇಳಿಜಾರಿನಲ್ಲಿ ನಿಮ್ಮ ರೇಟ್ ಕಾನ್‌ಸ್ಟಂಟ್ ಕೂತಿರುತ್ತದೆ. 1976ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಡಮ್ಸ್ ಮತ್ತು ಸ್ಮಿತ್ ಇದಕ್ಕೆ ಒಂದು ಸೋಸುವ ಹಂತ ಸೇರಿಸಿದರು: ಬೇಕಾದ ತೂಕದ ಅಯಾನನ್ನು ಮಾತ್ರ ಆರಿಸಿ ಟ್ಯೂಬ್‌ಗೆ ಬಿಡುವುದು. ಇದಕ್ಕೆ ಸಿಫ್ಟ್ ಅಂತ ಹೆಸರು.

ಕೇಳೋಕೆ ಸಲೀಸು ಅಲ್ವಾ? ಎದುರಿಗೆ ಎಚ್₂, ಸಿಒ (ಕಾರ್ಬನ್ ಮಾನಾಕ್ಸೈಡ್), ಮೀಥೇನ್ ಇದ್ದರೆ ನಿಜವಾಗಲೂ ಸಲೀಸೇ. ಸಿಲಿಂಡರ್ ತೆರೆದು ಮೀಟರ್‌ನಲ್ಲಿ ಅಳೆದು ಬಿಟ್ಟರಾಯಿತು. ತಲೆನೋವು ಶುರುವಾಗೋದು ಎದುರಿಗಿರುವುದು ಒಂಟಿ ಪರಮಾಣು ಆದಾಗ. ಮೋಡದಲ್ಲಿ ಎಚ್, ಸಿ, ಎನ್, ಒ (ಹೈಡ್ರೋಜನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್) ಪರಮಾಣುಗಳು ಧಾರಾಳ. ಆದರೆ ಒಂಟಿ ನೈಟ್ರೋಜನ್ ಪರಮಾಣುಗಳ ಸಿಲಿಂಡರ್ ಎಲ್ಲೂ ಸಿಗುವುದಿಲ್ಲ. ಸ್ಥಳದಲ್ಲೇ ತಯಾರಿಸಬೇಕು, ಗೋಡೆಗೆ ತಾಗಿ ಮತ್ತೆ ಜೋಡಿಯಾಗುವ ಮೊದಲು ಬಳಸಬೇಕು, ಎಷ್ಟಿವೆ ಅಂತ ಎಣಿಸಲೂಬೇಕು. ಈ ಕ್ಷೇತ್ರದಲ್ಲಿ ಅಯಾನು ಕಷ್ಟ, ಪರಮಾಣು ಸುಲಭ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಪೂರ್ತಿ ಉಲ್ಟಾ.

ನೈಟ್ರೋಜನ್ ಪರಮಾಣುಗಳನ್ನು ಎಣಿಸುವ ರೀತಿ ಮಾತ್ರ ನೋಡಲು ಚೆಂದ. ಪಕ್ಕದ ಗಾಜಿನ ನಳಿಗೆಯಲ್ಲಿ ಎನ್₂ ಹರಿಸಿ ಮೈಕ್ರೋವೇವ್ ಡಿಸ್ಚಾರ್ಜ್ (ಅನಿಲದೊಳಗೆ ವಿದ್ಯುತ್ ಹರಿದು ಅಣುಗಳನ್ನು ಒಡೆಯುವಂತೆ ಮಾಡುವುದು) ಹಚ್ಚುತ್ತಾರೆ. ನೂರರಲ್ಲಿ ಒಂದರಷ್ಟು ಅಣುಗಳು ಒಡೆಯುತ್ತವೆ. ಡಿಸ್ಚಾರ್ಜ್ ದಾಟಿದ ಮೇಲೂ ಅನಿಲ ಹಳದಿ-ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ, ಬಿಡಿ ನೈಟ್ರೋಜನ್‌ಗಳು ಮತ್ತೆ ಕೂಡಿಕೊಳ್ಳುವಾಗ ಬರುವ ಬೆಳಕು ಅದು. ಈಗ ಅದಕ್ಕೆ ನೈಟ್ರಿಕ್ ಆಕ್ಸೈಡ್ ಬಿಡಲು ಶುರುಮಾಡಿ. ಒಂದು ಎನ್‌ಒ ಅಣು ಒಂದು ಎನ್ ಪರಮಾಣುವನ್ನು ತಿಂದು ಎನ್₂ ಮತ್ತು ಒಂದು ಆಕ್ಸಿಜನ್ ಪರಮಾಣು ಕೊಡುತ್ತದೆ. ಉಳಿದ ನೈಟ್ರೋಜನ್‌ಗಳು ಈ ಆಕ್ಸಿಜನ್ ಜೊತೆ ಸೇರುವಾಗ ಬೆಳಕು ನೀಲಿ-ನೇರಳೆಗೆ ತಿರುಗುತ್ತದೆ. ಎನ್‌ಒ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ನಳಿಗೆ ಕತ್ತಲಾಗುತ್ತದೆ. ಇನ್ನೊಂದು ಚೂರು ಹೆಚ್ಚಿಸಿದರೆ ಹಸಿರು ಮಿಶ್ರಿತ ಹಳದಿ ಬೆಳಕು, ಅಂದರೆ ಈಗ ಎನ್‌ಒ ಮಿಕ್ಕಿದೆ. ಕತ್ತಲಾದ ಆ ಹಂತದಲ್ಲಿ ಬಿಟ್ಟ ಎನ್‌ಒ ಎಷ್ಟೋ, ಮೊದಲಿದ್ದ ನೈಟ್ರೋಜನ್ ಪರಮಾಣುಗಳೂ ಅಷ್ಟೇ. ಜೊತೆಗೆ ಅದೇ ಕ್ಷಣ ನಿಮ್ಮ ಕೈಯಲ್ಲಿ ಎಣಿಸಿಟ್ಟ ಆಕ್ಸಿಜನ್ ಪರಮಾಣುಗಳು! ಆಕ್ಸಿಜನ್ ಅಳತೆಗಳಿಗೆ ಇದೇ ಮೂಲವನ್ನು ಬಳಸುತ್ತಾರೆ. ಒತ್ತಡ ತೀರಾ ಕಡಿಮೆ ಇದ್ದರೆ ಬೆಳಕು ಮಂಕು, ಆಗ ಕಣ್ಣನ್ನು ನಂಬದೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲೇ ಆ ಹಂತವನ್ನು ಗುರುತಿಸಬೇಕು.

ಹೈಡ್ರೋಜನ್‌ಗೆ ಇಂಥ ಬಣ್ಣದಾಟ ಇಲ್ಲ. ಎಚ್₂ವನ್ನು ಡಿಸ್ಚಾರ್ಜ್‌ನಲ್ಲೋ ಕಾದ ಟಂಗ್‌ಸ್ಟನ್ ತಂತಿಯ ಮೇಲೋ ಒಡೆಯುತ್ತಾರೆ. ಆಮೇಲೆ ದರ ಮೊದಲೇ ಗೊತ್ತಿರುವ ಒಂದು ಅಯಾನನ್ನು, ಸಾಮಾನ್ಯವಾಗಿ ಕ್ಲೋರೈಡ್ ಅನ್ನು, ಅದೇ ಹರಿವಿಗೆ ಬಿಟ್ಟು ಅದು ಎಷ್ಟು ಕರಗುತ್ತದೆ ನೋಡಿ ಪರಮಾಣುಗಳ ಸಂಖ್ಯೆ ಲೆಕ್ಕ ಹಾಕುತ್ತಾರೆ. ಒಡೆಯದೆ ಉಳಿದ ಎಚ್₂ ಕೂಡ ಜೊತೆಗೇ ಬರುತ್ತದಲ್ಲ, ಅದಕ್ಕೆ ಡಿಸ್ಚಾರ್ಜ್ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ ಅಳೆದು ವ್ಯತ್ಯಾಸ ತೆಗೆಯಬೇಕು. ಇಷ್ಟೆಲ್ಲ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ತಪ್ಪು ಸೇರುತ್ತದೆ. ಪರಮಾಣು ಕ್ರಿಯೆಗಳ ಅನಿಶ್ಚಿತತೆ ಮಾಮೂಲಿ ಅನಿಲಗಳಿಗಿಂತ ಜಾಸ್ತಿ ಇರೋದು ಇದಕ್ಕೇ.

ಈ ಕಷ್ಟಕ್ಕೆ ಫಲವೂ ಇದೆ. 1998ರಲ್ಲಿ ಏಳು ಕಾರ್ಬನ್‌ಗಳ ಸರಪಳಿಯ ಋಣ ಅಯಾನು, ಸಿ₇⁻, ನಕ್ಷತ್ರಬೆಳಕಿನಲ್ಲಿ ಕಾಣುವ ಕೆಲವು ಗುರುತು ಸಿಗದ ಪಟ್ಟಿಗಳಿಗೆ ಕಾರಣ ಇರಬಹುದು ಅನ್ನುವ ಸುದ್ದಿ ಬಂತು. ಅದು ಮುಂದೆ ಬಿದ್ದುಹೋಯಿತು, ರೋಹಿತಗಳು ಸರಿಯಾಗಿ ಹೊಂದಲಿಲ್ಲ. ಆದರೆ ಇಂಥ ಸರಪಳಿಗಳು ಮೋಡದಲ್ಲಿ ಬದುಕಿ ಉಳಿಯುತ್ತವಾ ಅನ್ನುವ ಪ್ರಶ್ನೆ ಉಳಿಯಿತು. ಬೋಲ್ಡರ್‌ನಲ್ಲೇ ಬಿಯರ್‌ಬಾಮ್ ಮತ್ತು ಸ್ನೋ ಅವರ ತಂಡ ಕಾರ್ಬನ್ ಸರಪಳಿಗಳ ಮೇಲೆ ಎಚ್, ಎನ್, ಒ ಪರಮಾಣುಗಳನ್ನು ಒಂದೊಂದಾಗಿ ಬಿಟ್ಟು ಅಳೆಯಿತು. ಎಚ್₂ ಅಣು ಅವುಗಳನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಎಚ್ ಪರಮಾಣು ಮಾತ್ರ ಬೇಗನೆ ಅಂಟಿಕೊಂಡು ಎಲೆಕ್ಟ್ರಾನ್ ಅನ್ನು ಹೊರಗೆ ತಳ್ಳುತ್ತದೆ. 2006ರಲ್ಲಿ ಸಿ₆ಎಚ್⁻ ಆಕಾಶದಲ್ಲಿ ಸಿಕ್ಕಿತು. ಬಾಹ್ಯಾಕಾಶದಲ್ಲಿ ಗುರುತಾದ ಮೊದಲ ಋಣ ಅಣು ಅಯಾನು ಅದು. ಅದು ಎಷ್ಟು ಬೇಗ ನಾಶವಾಗುತ್ತದೆ ಅಂತ ಲೆಕ್ಕ ಹಾಕುವವರಿಗೆ ಈ ಅಂಕಿಗಳು ಸಿದ್ಧವಾಗಿದ್ದವು.

ಎಲೆಕ್ಟ್ರಾನ್ ಹೊರಬೀಳುವ ಈ ಕ್ರಿಯೆಗಳಲ್ಲಿ ಒಂದು ಪೇಚಾಟ ಇದೆ. ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಆವೇಶ ಇರುವುದು ಮಾತ್ರ ಕಾಣುತ್ತದೆ. ಇಲ್ಲಿ ಕ್ರಿಯೆ ಮುಗಿದ ಮೇಲೆ ಉಳಿಯೋದು ಆವೇಶ ಇಲ್ಲದ ಅಣು, ಹಾಗಾಗಿ ಪರದೆಯ ಮೇಲೆ ಅಯಾನು ಸುಮ್ನೆ ಮಾಯವಾಗುತ್ತದೆ. ಅದು ಕ್ರಿಯೆಯಿಂದ ಹೋಯಿತೋ, ಗೋಡೆಗೆ ಬಡಿದು ಹೋಯಿತೋ? ಟ್ಯೂಬ್‌ನ ಕೊನೆಯಲ್ಲಿ ಚೂರು ಎಸ್‌ಎಫ್₆ (ಸಲ್ಫರ್ ಹೆಕ್ಸಾಫ್ಲೋರೈಡ್) ಅನಿಲ ಬಿಡುತ್ತಾರೆ. ಬಿಡಿ ಎಲೆಕ್ಟ್ರಾನ್ ಕಂಡರೆ ಅದು ಬಿಡುವುದಿಲ್ಲ, ಹಿಡಿದು ಎಸ್‌ಎಫ್₆⁻ ಆಗಿ ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎಲೆಕ್ಟ್ರಾನ್ ಬಂದಿದ್ದು ಖಚಿತ. ಆದರೆ ಜೊತೆಗೆ ಹುಟ್ಟಿದ ಅಣುವಿನ ಆಕಾರ ಏನು ಅನ್ನೋದಕ್ಕೆ ಇನ್ನೂ ಶಕ್ತಿಯ ಲೆಕ್ಕಾಚಾರವನ್ನೇ ನೆಚ್ಚಬೇಕು.

ಈಗ ನಿಮ್ಮ ಮೊದಲ ಪ್ರಶ್ನೆ, ಚಳಿ. ಇಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದೇ. ಫ್ಲೋ ಟ್ಯೂಬ್‌ನ ಹೆಚ್ಚಿನ ಅಂಕಿಗಳು 300 ಕೆಲ್ವಿನ್‌ನವು. ಎದುರಿನ ಅಣುವಿಗೆ ಧನ-ಋಣ ತುದಿಗಳಿಲ್ಲದೆ, ಕ್ರಿಯೆ ಡಿಕ್ಕಿಗೊಂದರಂತೆ ನಡೆಯುತ್ತಿದ್ದರೆ 10 ಕೆಲ್ವಿನ್‌ಗೂ ಅದೇ ಅಂಕಿ ಹಾಕುವುದರಲ್ಲಿ ದೊಡ್ಡ ಮೋಸವಿಲ್ಲ. ನಿಧಾನದ ಕ್ರಿಯೆಗಳಲ್ಲಿ ಮಾತ್ರ ಕೈ ಸುಡುತ್ತದೆ. ಎನ್⁺ ಮತ್ತು ಎಚ್₂ ಸೇರಿ ಎನ್‌ಎಚ್⁺ ಆಗುವ ಕ್ರಿಯೆ ನೋಡಿ, ಅಮೋನಿಯಾ ಹುಟ್ಟುವ ದಾರಿಯ ಮೊದಲ ಹೆಜ್ಜೆ ಇದು. ಇದಕ್ಕೆ ಹೊರಗಿನಿಂದ ತುಸು ಶಕ್ತಿ ಬೇಕು. ಕೋಣೆಯ ಉಷ್ಣತೆಯಲ್ಲಿ ಆ ಕೊರತೆ ಗೊತ್ತೇ ಆಗುವುದಿಲ್ಲ. 10 ಕೆಲ್ವಿನ್‌ನಲ್ಲಿ ಎಲ್ಲವೂ ಅದರ ಮೇಲೇ ನಿಂತಿದೆ. ಎಚ್₂ ಆರ್ಥೋ ರೂಪದಲ್ಲಿದೆಯೋ (ಎರಡೂ ಪ್ರೋಟಾನ್‌ಗಳ ಸ್ಪಿನ್ ಒಂದೇ ದಿಕ್ಕಿಗೆ) ಪ್ಯಾರಾ ರೂಪದಲ್ಲಿದೆಯೋ (ವಿರುದ್ಧ ದಿಕ್ಕಿಗೆ) ಅನ್ನುವುದೂ ದರವನ್ನು ಬದಲಿಸುತ್ತದೆ. ಎನ್‌ಎಚ್₃⁺ ಮತ್ತು ಎಚ್₂ ಕ್ರಿಯೆಯಂತೂ ತಣಿಸಿದಾಗ ಮೊದಲು ನಿಧಾನವಾಗಿ, ಇನ್ನೂ ತಣಿಸಿದರೆ ಮತ್ತೆ ಚುರುಕಾಗುತ್ತದೆ, ತಡೆಯ ಅಡಿಯಿಂದ ಹೈಡ್ರೋಜನ್ ನುಸುಳುವುದರಿಂದ. 300 ಕೆಲ್ವಿನ್‌ನ ಅಂಕಿ ನೋಡಿ ಇದನ್ನು ಯಾರು ಊಹಿಸುತ್ತಾರೆ?

ಹಾಗಾಗಿ ಬೇರೆ ಉಪಕರಣಗಳು ಬಂದವು. ಫ್ರಾನ್ಸ್‌ನಲ್ಲಿ ರೋ ಅವರ ಕ್ರೆಸು ವಿಧಾನದಲ್ಲಿ ಅನಿಲವನ್ನು ವಿಶೇಷ ಆಕಾರದ ನಾಜಲ್‌ನಿಂದ ಶಬ್ದಕ್ಕಿಂತ ವೇಗವಾಗಿ ಹೊರಬಿಟ್ಟು ಹತ್ತಾರು ಕೆಲ್ವಿನ್‌ವರೆಗೆ ತಣಿಸುತ್ತಾರೆ. ಗೆರ್ಲಿಶ್ ಅವರ 22 ಸರಳುಗಳ ಟ್ರ್ಯಾಪ್‌ನಲ್ಲಿ ಅಯಾನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಕೂಡಿಹಾಕಿ 10 ಕೆಲ್ವಿನ್ ಹತ್ತಿರ ಇಟ್ಟು, ಸೆಕೆಂಡುಗಟ್ಟಲೆ ಕಾಯಬಹುದು. ಪರಮಾಣು ಬೇಕಾದಾಗ ಇಲ್ಲೂ ಅದೇ ತಲೆನೋವು. ಅದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಬೇರೆ ದಾರಿ ಹಿಡಿಯಿತು. ಸಿ⁻ ಕಿರಣ ಮಾಡಿ, ಲೇಸರ್‌ನಿಂದ ಎಲೆಕ್ಟ್ರಾನ್ ಕಿತ್ತು, ಉಳಿದ ಕಾರ್ಬನ್ ಪರಮಾಣುಗಳ ಕಿರಣವನ್ನು ಎಚ್₃⁺ ಕಿರಣದ ಮೇಲೆ ಒಂದೇ ದಿಕ್ಕಿನಲ್ಲಿ ಓಡಿಸುವುದು. ಎರಡು ರೈಲು ಅಕ್ಕಪಕ್ಕದ ಹಳಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಪ್ರಯಾಣಿಕರು ಪರಸ್ಪರ ನಿಂತಂತೆ ಕಾಣುತ್ತಾರಲ್ಲ, ಹಾಗೆ ಎರಡೂ ಕಿರಣ ಭಾರೀ ವೇಗದಲ್ಲಿದ್ದರೂ ಡಿಕ್ಕಿಯ ಶಕ್ತಿ ತೀರಾ ಕಡಿಮೆ. ಇದೇ ಉಪಾಯದಲ್ಲಿ ಅವರು ಎಚ್⁻ ಮತ್ತು ಎಚ್ ಸೇರಿ ಎಚ್₂ ಆಗುವ ಕ್ರಿಯೆಯನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟುವಾಗ ಅನಿಲ ತಣಿದದ್ದು ಈ ಎಚ್₂ನಿಂದಲೇ.

ಹಾಗಾದರೆ ನಂಬಬಹುದಾ? ಅಂಕಿ ಯಾವುದು ಅನ್ನೋದರ ಮೇಲಿದೆ. ಮಾದರಿ ಮಾಡುವವರು ಬಳಸುವ, ಇಂಥ ದರಗಳನ್ನು ಒಟ್ಟುಮಾಡಿಟ್ಟ ಯುಮಿಸ್ಟ್ ಮತ್ತು ಕೀಡಾ ಡೇಟಾಬೇಸ್‌ಗಳು ಉಚಿತವಾಗಿ ಸಿಗುತ್ತವೆ. ನಿಮಗೆ ಬೇಕಾದ ಕ್ರಿಯೆ ತೆರೆದು, ದರಕ್ಕಿಂತ ಮೊದಲು ಪಕ್ಕದ ಕಾಲಂಗಳನ್ನು ನೋಡಿ: ಅಳೆದದ್ದೋ ಅಂದಾಜೋ, ಯಾವ ಉಷ್ಣತೆಯಿಂದ ಯಾವ ಉಷ್ಣತೆವರೆಗೆ. ಅಳೆದದ್ದು, ದರ 10⁻⁹ ಹತ್ತಿರ ಅಂತಿದ್ದರೆ ನಾನು ಯೋಚನೆ ಮಾಡದೆ ಬಳಸುತ್ತೇನೆ. ದರ ಅದಕ್ಕಿಂತ ನೂರು ಪಟ್ಟು ಕಡಿಮೆ, ಅಳತೆ 300 ಕೆಲ್ವಿನ್‌ನಲ್ಲಿ ಒಂದೇ ಅಂತಿದ್ದರೆ ಟ್ರ್ಯಾಪ್‌ನಲ್ಲಿ ಯಾರಾದರೂ ಮತ್ತೆ ಅಳೆದಿದ್ದಾರಾ ಹುಡುಕುತ್ತೇನೆ. ಎದುರಿಗೆ ಒಂಟಿ ಪರಮಾಣು ಇದ್ದು ಅಂದಾಜು ಅಂತ ಬರೆದಿದ್ದರೆ, ಮಾದರಿಯನ್ನು ಆ ದರ ಎರಡು ಪಟ್ಟು ಹೆಚ್ಚಿಸಿ ಒಮ್ಮೆ, ಅರ್ಧ ಮಾಡಿ ಒಮ್ಮೆ ಓಡಿಸಿ ನೋಡಿ. ಉತ್ತರ ಅಲ್ಲಾಡದಿದ್ದರೆ ಆ ಕ್ರಿಯೆಯ ಚಿಂತೆ ಬಿಡಿ.